ಕೆಂಪು ಮುಚ್ಚಳ

ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಮೇಲೂ ಬೀದಿಯವರ ಬಾಯಲ್ಲಿ ಅವರು ಸಿಸ್ಟರಮ್ಮನೇ. ಅಂಥವರು ಬೆಕ್ಕಿಗೆ ಸೂಜಿ ಹಾಕುವುದನ್ನು ಸೊಸೆಯಿಂದ ಕಲಿಯಬೇಕೆಂದರೆ ಮೈ ಉರಿಯದೆ ಇರುತ್ತದೆಯೇ?

ಬೆಕ್ಕಿನ ಹೆಸರು ದೊರೆ. ಸಕ್ಕರೆ ಕಾಯಿಲೆಯಿಂದ ತೀರಿಹೋದ ಯಜಮಾನರು ಇಟ್ಟ ಹೆಸರು. ಅವರ ಕುರ್ಚಿಯನ್ನು ಈಗ ಅವನೇ ಆಳುತ್ತಿದ್ದ. ಹನ್ನೊಂದು ವರ್ಷದ ಈ ದೊರೆಗೂ ಅದೇ ಕಾಯಿಲೆ ಅಂಟಿಕೊಂಡಿತ್ತು. ಬೆಳಿಗ್ಗೆ, ಸಂಜೆ, ಊಟವಾದ ಕೂಡಲೇ ಬೆನ್ನಿನ ಸಡಿಲ ಚರ್ಮ ಎತ್ತಿ ಎರಡು ಗೆರೆ ಇನ್ಸುಲಿನ್. ಸೊಸೆ ಕಿತ್ತಳೆ ಮುಚ್ಚಳದ ಸಿರಿಂಜನ್ನು ಬೆಳಕಿಗೆ ಹಿಡಿದು ಮೂರು ಮೂರು ಸಲ ನೋಡುತ್ತಿದ್ದಳು.

"ನಿನ್ನ ಕೈಲಾಗೋ ಕೆಲಸ ಅಲ್ಲ ಬಿಡು," ಎಂದು ಅತ್ತೆ ಚುಚ್ಚುತ್ತಿದ್ದರು. ಸೊಸೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಅಂದು ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋಗಿದ್ದಳು. ದೊರೆಯ ಊಟವಾಗಿತ್ತು. ಸಿರಿಂಜಿನ ಪೊಟ್ಟಣವನ್ನು ಎಲ್ಲಿಟ್ಟಿದ್ದಾಳೋ, ಕಾಣಲಿಲ್ಲ. ಇಷ್ಟಕ್ಕೆ ಅವಳನ್ನು ಕೂಗುವುದೇನು ಎಂದು ಸಿಸ್ಟರಮ್ಮ ಬೀರುವಿನಿಂದ ಯಜಮಾನರ ಕಾಲದ ಸಿರಿಂಜೊಂದನ್ನು ತೆಗೆದರು. ಅದರದು ಕೆಂಪು ಮುಚ್ಚಳ. ಸರಿಯಾಗಿ ಎರಡು ಗೆರೆ ಎಳೆದು ಚುಚ್ಚಿದರು. ದೊರೆ ಕಿವಿಯನ್ನೂ ಅಲುಗಿಸಲಿಲ್ಲ.

ಮಧ್ಯಾಹ್ನ ಕುರ್ಚಿಯಿಂದ ಇಳಿಯಲು ಹೋಗಿ ದೊರೆ ಬಿದ್ದುಬಿಟ್ಟ. ಹಿಂಗಾಲು ನಿಲ್ಲುತ್ತಿರಲಿಲ್ಲ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಸೊಸೆ ಪ್ರಾಣಿವೈದ್ಯರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ನಂದೇ ತಪ್ಪು ಡಾಕ್ಟ್ರೇ, ಊಟ ಕಮ್ಮಿ ಹಾಕಿದ್ನೋ ಏನೋ. ಇನ್ಸುಲಿನ್ ಕೊಟ್ಟಿದ್ದು ನಮ್ಮತ್ತೆ. ಅವರು ನರ್ಸು, ಅವರ ಕೈ ತಪ್ಪಲ್ಲ."

"ಒಸಡಿಗೆ ಜೇನುತುಪ್ಪ ಸವರಿ, ಬಾಯಿಗೆ ಸುರೀಬೇಡಿ," ಎಂದರು ವೈದ್ಯರು. "ಎಷ್ಟು ಹೋಗಿದೆ ಅಂತ ಸರಿಯಾಗಿ ಗೊತ್ತಾಗ್ಬೇಕು ನಂಗೆ. ಸಿರಿಂಜಿನ ಮುಚ್ಚಳ ಯಾವ ಬಣ್ಣ?"

"ಕಿತ್ತಳೆ," ಎಂದಳು ಸೊಸೆ.

ಸಿಸ್ಟರಮ್ಮ ಬೀರುವಿನ ಕಡೆ ನೋಡಿದರು. ಬಣ್ಣ ಬೇರೆಯಾದರೆ ಗೆರೆಯ ಅಳತೆಯೂ ಬೇರೆ; ಕೆಂಪು ಮುಚ್ಚಳದ ಎರಡು ಗೆರೆ ಎಂದರೆ ಕಿತ್ತಳೆಯ ಐದು ಗೆರೆ. ವಾರ್ಡಿಗೆ ಬಂದ ಹೊಸ ನರ್ಸುಗಳಿಗೆ ಮೊದಲ ದಿನವೇ ಅವರು ಗದರಿಸಿ ಹೇಳಿಕೊಡುತ್ತಿದ್ದ ಪಾಠ ಅದು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ದೊರೆಯಂತೂ ಹೇಳುವವನಲ್ಲ. ಸಿಸ್ಟರಮ್ಮ ಫೋನಿನತ್ತ ಬಾಗಿದರು.

"ಕೆಂಪು," ಎಂದರು. "ಅವಳದ್ದೇನೂ ತಪ್ಪಿಲ್ಲ ಡಾಕ್ಟ್ರೇ. ನಾನು ಐದು ಕೊಟ್ಟಿದೀನಿ."

ಸೊಸೆ ತಲೆಯೆತ್ತಿ ನೋಡಿದಳು. ಜೇನು ಸವರುತ್ತಿದ್ದ ಬೆರಳು ಮಾತ್ರ ನಿಲ್ಲಲಿಲ್ಲ.

"ಹಾಗಾದ್ರೆ ಬರೀ ಜೇನು ಸಾಕಾಗಲ್ಲ. ಈಗ್ಲೇ ಹೊರಡಿ, ಡ್ರಿಪ್ ರೆಡಿ ಮಾಡ್ತೀನಿ."

ಎರಡು ದಿನ ಗ್ಲೂಕೋಸಿನ ಮೇಲಿದ್ದು ದೊರೆ ಬದುಕಿ ಬಂದ. ಇನ್ನು ಮೇಲೆ ಒಂದೇ ಗೆರೆ ಎಂದು ವೈದ್ಯರು ಬರೆದುಕೊಟ್ಟಿದ್ದರು. ಆ ಸಂಜೆ ಸೊಸೆ ಔಷಧಿ ಎಳೆದು ಸಿರಿಂಜನ್ನು ಅತ್ತೆಯ ಕಡೆ ಚಾಚಿದಳು.

"ನೀವೇ ಹಾಕಿ ಅತ್ತೆ."

ಸಿಸ್ಟರಮ್ಮ ಕನ್ನಡಕ ಹಾಕಿಕೊಂಡು ಗೆರೆ ನೋಡಿದರು. ಮತ್ತೆ ನೋಡಿದರು. ಸಿರಿಂಜನ್ನು ಸೊಸೆಯ ಕೈಗೇ ಮರಳಿಸಿದರು.

"ನೀನು ಹಾಕು ತಾಯಿ," ಎಂದರು. "ನಾನು ಇವನನ್ನ ಹಿಡ್ಕೋತೀನಿ."