ಗೆದ್ದಲು ಮೆಚ್ಚಿದ ಪಟ್ಟಿ

ಟೌನ್ಸ್‌ವಿಲ್ ಊರಿನಲ್ಲಿ ಕಂಬಗಳ ಮೇಲೆ ಕಟ್ಟಿದ ಮನೆಯ ಬಾಗಿಲುಗಳ ಸುತ್ತಲಿನ ಮರದ ಪಟ್ಟಿಗಳನ್ನು ಗೆದ್ದಲು ಮೂರನೆಯ ಸಲ ತಿಂದು ಮುಗಿಸಿದಾಗ ಡೆಲ್ಮಾ ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದಳು: ಇನ್ನು ಮರ ಬೇಡ, ಕಲ್ಲುಪುಡಿ ಪ್ಲಾಸ್ಟಿಕ್ಕು ಬೆರೆಸಿ ಎರಕ ಹೊಯ್ದ ಪಟ್ಟಿಯೇ ಸಾಕು. ಬದುಕಿಡೀ ಬಡಗಿಯಾಗಿದ್ದ ಬೆವನ್ ಹೆಣ ಹೊರುವವನ ಮುಖ ಮಾಡಿಕೊಂಡು ಅವನ್ನು ಕೂರಿಸಿ ಬಿಳಿ ಬಣ್ಣ ಬಳಿದ. ಬಳ್ಳಿ ಹೂವಿನ ಕೆತ್ತನೆಯೂ ಅಚ್ಚಿನಲ್ಲೇ ಬಂದಿತ್ತು. ಅವನಿಗೆ ಹೆಚ್ಚು ಉರಿ ಹತ್ತಿಸಿದ್ದು ಅದೇ.

ಮಳೆಗಾಲ ಮುಗಿದ ಮೇಲೊಂದು ದಿನ ಗುಡಿಸುತ್ತಿದ್ದ ಡೆಲ್ಮಾಳ ಪೊರಕೆಯ ಹಿಡಿ ಅಡುಗೆಮನೆ ಬಾಗಿಲ ಪಟ್ಟಿಗೆ ತಗುಲಿ, ಹಪ್ಪಳ ಮುರಿದ ಹಾಗೆ ಒಳಗೇ ಹೋಯಿತು. ಬಣ್ಣದ ಹಿಂದೆ ಗೆದ್ದಲು ಮಿಜಿಮಿಜಿ ಎನ್ನುತ್ತಿತ್ತು.

"ಬೆವನ್! ಪ್ಲಾಸ್ಟಿಕ್ ತಿನ್ನೋ ಗೆದ್ದಲು ಯಾವಾಗಿಂದ ಬಂತೋ?"

ಬೆವನ್ ಚಹಾದ ಕಪ್ಪಿನಿಂದ ತಲೆ ಎತ್ತಲಿಲ್ಲ. "ಅದೊಂದು ಪೈನ್ ಮರದ್ದು ಕಣೇ. ನಾನೇ ಕೆತ್ತಿದ್ದು. ಮನೇಲಿ ಒಂದಾದ್ರೂ ಮರ ಇರ್ಲಿ ಅಂತ ಹಾಕ್ದೆ."

"ಬಣ್ಣ ಬಳಿದು ಮುಚ್ಚಿಟ್ಯಲ್ಲೋ, ಮುದಿಯಾ! ನಮ್ಮನೇಲಿ ಗೆದ್ದಲೇ ಇಲ್ಲ ಅಂತ ಬೀದಿಯೆಲ್ಲ ಜಂಬ ಕೊಚ್ಕೊಂಡು ಬಂದಿದೀನಿ ನಾನು. ಇನ್ನು ಮನೆ ತುಂಬ ಹೊಗೆ ಹಾಕಿಸ್ಬೇಕು, ಮತ್ತೆ!"

ಬೆವನ್ ಎದ್ದು ಬಂದು ಬಗ್ಗಿ ನೋಡಿದ. "ಆದ್ರೂ ನೋಡು, ಅಷ್ಟೊಂದು ಪಟ್ಟಿಗಳಿದ್ರೂ ನಂದನ್ನೇ ಹುಡುಕ್ಕೊಂಡು ಬಂದಿವೆ." ಧ್ವನಿಯಲ್ಲಿ ತಪ್ಪೊಪ್ಪಿಗೆಗಿಂತ ಹೆಮ್ಮೆಯೇ ಹೆಚ್ಚಿತ್ತು.

ಡೆಲ್ಮಾ ಪೊರಕೆಯನ್ನು ಅವನ ಕೈಗೆ ತುರುಕಿದಳು.

"ನಿನ್ನ ಕೆಲಸ ಮೆಚ್ಚಿ ಬಂದ ನೆಂಟರು ತಾನೇ? ನೀನೇ ಸತ್ಕಾರ ಮಾಡು."