ಅಪ್ಪನ ಎಂಟು ಲೀಟರ್

ಬೂದು ಎಲೆಯ ಮೂರು ಗಿಡಗಳ ಬುಡದಲ್ಲಿ ಅಣಬೆ ಎದ್ದಿದ್ದವು. ನೀರು ಸರಬರಾಜು ಕಚೇರಿಯ ಮುಂದಿನ ಮಿತನೀರಿನ ತೋಟದಲ್ಲಿ, ಅದೂ ಕಡುಬೇಸಿಗೆಯಲ್ಲಿ ಅಣಬೆ!

ಆ ತೋಟ ಅವಳ ಕೂಸು. ಕಚೇರಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಅವಳು ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು ಗಿಟ್ಟಿಸಿಕೊಂಡ ಜಾಗ. ಬಾಗಿಲಿನ ಎಡಕ್ಕೆ ಹುಲ್ಲುಹಾಸು. ಬಲಕ್ಕೆ ಅಷ್ಟೇ ಅಗಲದಲ್ಲಿ ಸ್ವಲ್ಪವೇ ನೀರು ಕುಡಿಯುವ ಗಿಡಗಳು, ಬುಡಕ್ಕೆ ಮರದ ಚಕ್ಕೆಯ ಹೊದಿಕೆ, ಹನಿ ನೀರಿನ ಕೊಳವೆ. ಎರಡಕ್ಕೂ ಬೇರೆ ಬೇರೆ ಮೀಟರ್. ಯಾವುದಕ್ಕೆ ಎಷ್ಟು ನೀರು ಹೋಯಿತೆಂದು ದಿನವೂ ಬೋರ್ಡಿನಲ್ಲಿ ಬರೆಯುವುದು. ನೋಡಿದ ಜನ ತಮ್ಮ ಮನೆಯ ಮುಂದೂ ಹೀಗೇ ಬೆಳೆಸಲಿ ಎಂಬುದು ಅವಳ ಆಸೆ. ಶನಿವಾರ ದೊಡ್ಡ ಎಂಜಿನಿಯರ್ ಬಂದು, ತೋಟ ಉಳಿಯಬೇಕೋ ಅಥವಾ ಅಗೆದು ಸ್ಕೂಟರ್ ನಿಲ್ಲಿಸಲು ಕೊಡಬೇಕೋ ಎಂದು ತೀರ್ಮಾನಿಸುವವರಿದ್ದರು.

ಮೀಟರ್ ಓದಿ ಬೋರ್ಡ್ ಬರೆಯುತ್ತಿದ್ದವರು ಅವಳ ಅಪ್ಪ. ಇದೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮನೆಮನೆಯ ಮೀಟರ್ ಓದಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ಮೀಟರಪ್ಪ. ನಾಯಿ ಅಟ್ಟಿಸಿಕೊಂಡು ಬಂದರೂ ಕೊನೆಯ ಅಂಕೆ ಬರೆದುಕೊಂಡೇ ಓಡಿದವರೆಂದು ಹೆಸರು.

ಅವಳು ಗೇಣುದ್ದ ಅಗೆದು ನೋಡಿದಳು. ಮಣ್ಣು ಕೆಸರಾಗಿತ್ತು, ಬೇರುಗಳು ಕಪ್ಪಗಾಗಿ ನಾರುತ್ತಿದ್ದವು. ಕೊಳವೆಯಲ್ಲಿ ತೂತಿಲ್ಲ. ಮೀಟರಿನ ಮುಳ್ಳು ಆರು ದಿನದಿಂದ ಕದಲಿಲ್ಲ.

ಮರುದಿನ ಅರ್ಧ ಗಂಟೆ ಮುಂಚೆ ಬಂದು ಕಿಟಕಿಯ ಮರೆಯಲ್ಲಿ ನಿಂತಳು. ಅಪ್ಪ ಬಂದರು. ಬಟ್ಟೆಯ ಚೀಲದಿಂದ ಎರಡೆರಡು ಲೀಟರಿನ ನಾಲ್ಕು ಬಾಟಲಿ ತೆಗೆದು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಠೀವಿಯಲ್ಲಿ, ಮೂರೂ ಗಿಡಗಳಿಗೆ ಸುರಿದರು.

“ಅಪ್ಪಾ!”

ಕೊನೆಯ ಬಾಟಲಿ ಬೆನ್ನ ಹಿಂದೆ ಹೋಯಿತು.

“ಏನದು?”

“ಕುಡಿಯೋ ನೀರು.”

“ಎಂಟು ಲೀಟರಾ?”

“ಬಿಸಿಲು ನೋಡ್ತಿಲ್ವಾ?” ಎಂದವರು ಅವಳ ಮುಖ ನೋಡಿ ಸೋತರು. “ಬೂದಿ ಬಳ್ಕೊಂಡ ಹಾಗೆ ನಿಂತಿದ್ವು ಕಣೆ. ಸೊರಗಿವೆ ಅಂದ್ಕೊಂಡೆ. ಶನಿವಾರ ದೊಡ್ಡೋರ ಮುಂದೆ ನಿನ್ನ ಮುಖ ಸಣ್ಣದಾಗಬಾರದು ಅಂತ...”

“ಅವುಗಳ ಬಣ್ಣವೇ ಅದು ಅಪ್ಪಾ. ಬಿಸಿಲು ತಡೆಯೋಕೆ ಎಲೆ ಮೇಲೆಲ್ಲ ಸಣ್ಣ ರೋಮ ಇರುತ್ತೆ.”

“ಮೊದಲೇ ಹೇಳೋಕೇನಾಗಿತ್ತು?”

“ಬೋರ್ಡಲ್ಲೇ ಬರೆದಿದ್ದೀನಲ್ಲ!”

“ನಾನು ಅಂಕೆ ಮಾತ್ರ ಓದೋದು.”

ಅವಳಿಗೆ ನಗು ಬಂತು, ನುಂಗಿಕೊಂಡಳು. “ಬೇರಿಗೆ ಉಸಿರು ಕಟ್ಟಿ ಕೊಳೆತಿದೆ. ಕೊಳೆತ ಬೇರು ನೀರು ಹೀರಲ್ಲ. ನೀರಲ್ಲೇ ನಿಂತು ಬಾಡ್ತಾವೆ.”

“ಬಾಡಿದವಲ್ಲಾ ಅಂತ ನಾನು ಒಂದು ದಿನಾನೂ ಬಿಡದೆ ಹಾಕಿದೆ,” ಎಂದರು ಅಪ್ಪ ಮೆಲ್ಲಗೆ. “ಸಾಯ್ತಾವಾ?”

“ಒಂದು ಉಳೀಬಹುದು.”

ಶನಿವಾರಕ್ಕೆ ಇನ್ನೆರಡೇ ದಿನ. ಕಿತ್ತು ಹೊಸ ಗಿಡ ನೆಟ್ಟರೆ ಯಾರಿಗೂ ತಿಳಿಯದು. ಅವಳು ನರ್ಸರಿಗೆ ಫೋನ್ ಮಾಡಲು ಬೆರಳಿಟ್ಟಳು. ಅಷ್ಟರಲ್ಲಿ ಅಪ್ಪ ಜೇಬಿನಿಂದ ಪುಟ್ಟ ಡೈರಿ ತೆಗೆದು ಅವಳ ಮುಂದೆ ಹಿಡಿದರು.

“ಇವತ್ತಿಗೆ ಇಪ್ಪತ್ಮೂರು ದಿನ. ನೂರ ಎಂಬತ್ನಾಲ್ಕು ಲೀಟರ್. ಬೋರ್ಡಲ್ಲಿ ಬಂದಿಲ್ಲ ಇದು.”

“ಕದ್ದು ಹಾಕಿದ್ದನ್ನೂ ಬರೆದಿಟ್ಟಿದ್ದೀಯಾ?”

“ಬರೀದೆ ಬಿಡ್ತೀನಾ? ಮೀಟರ್ ತಪ್ಪಿಸಿದೋರನ್ನ ಎಷ್ಟು ಜನರನ್ನ ಹಿಡಿದೋನು ನಾನು! ಈಗ ಅವರ ಸಾಲಿಗೇ ಸೇರಿದೆ. ಬರೆದುಬಿಡು ಮಗಳೇ. ನಂಗೆ ನಿದ್ದೆ ಬರ್ತಿಲ್ಲ.”

ಅವಳು ಫೋನನ್ನು ಚೀಲಕ್ಕೆ ಹಾಕಿದಳು.

ಶನಿವಾರ ಬೋರ್ಡಿನಲ್ಲಿ ಮೂರು ಸಾಲುಗಳಿದ್ದವು. ಮೂರು ತಿಂಗಳಲ್ಲಿ ಹುಲ್ಲುಹಾಸಿಗೆ 11,250 ಲೀಟರ್. ಮಿತನೀರಿನ ತೋಟಕ್ಕೆ 1,640. ಕೆಳಗೆ, ಅಪ್ಪನದೇ ದುಂಡು ಅಕ್ಷರದಲ್ಲಿ: “ಅಪ್ಪ ಹಾಕಿದ್ದು: 184.” ಒಣಗಿ ನಿಂತ ಎರಡು ಗಿಡಗಳ ಮುಂದೆ ಪುಟ್ಟ ಫಲಕ: “ಸಾವಿಗೆ ಕಾರಣ: ಅತಿ ನೀರು.”

ಎಂಜಿನಿಯರ್ ಕನ್ನಡಕ ಏರಿಸಿ ಓದಿದರು. “ಯಾರ್ರೀ ಈ ಅಪ್ಪ?”

ಮೀಟರಪ್ಪ ಒಂದು ಹೆಜ್ಜೆ ಮುಂದೆ ಬಂದರು. “ನಾನೇ ಸರ್. ನನ್ನ ಮಗಳ ತಪ್ಪಿಲ್ಲ.”

ಎಂಜಿನಿಯರ್ ಸತ್ತ ಗಿಡಗಳನ್ನೇ ನೋಡುತ್ತ ನಿಂತರು. “ನಮ್ಮನೇಲೂ ಇಂಥದ್ದೇ ಒಂದಿತ್ತು. ದಿನಕ್ಕೆರಡು ಸಲ ನೀರು ಹಾಕಿದೆ. ಹೀಗೇ ಹೋಯ್ತು. ನರ್ಸರಿಯವನಿಗೆ ಬೈದು ಬಂದೆ.”

“ಬೆರಳಿಳಿಸಿ ನೋಡ್ಬೇಕು ಸರ್,” ಎಂದರು ಅಪ್ಪ, ಎರಡು ದಿನದ ಹಿಂದೆ ಮಗಳಿಂದ ಕಲಿತದ್ದನ್ನು ಹುಟ್ಟಿನಿಂದ ಬಲ್ಲವರ ಹಾಗೆ. “ಎರಡನೇ ಗೆಣ್ಣಿನವರೆಗೆ. ಒದ್ದೆ ಇದ್ರೆ ಕೈ ಕಟ್ಕೊಂಡು ಕೂತ್ಕೋಬೇಕು.”

ಎಂಜಿನಿಯರ್ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತು ಬೆರಳಿಳಿಸಿದರು. ಎದ್ದು ಕೈ ಕೊಡವಿಕೊಂಡರು. “ಸ್ಕೂಟರಿಗೆ ಬೇರೆ ಜಾಗ ನೋಡೋಣ. ಈ ಸತ್ತವನ್ನ ಮಾತ್ರ ಕೀಳಬೇಡಿ.”

ಸೋಮವಾರ ಅಪ್ಪ ಬೋರ್ಡಿನ ಮೂರನೆಯ ಸಾಲಿನಲ್ಲಿ, ಆ ದಿನದ ಲೆಕ್ಕಕ್ಕೆ, ದೊಡ್ಡದೊಂದು ಸೊನ್ನೆ ಬರೆದರು. ಬರೆದು, ಮೂರರಲ್ಲಿ ಉಳಿದ ಒಂಟಿ ಗಿಡದ ಕಡೆ ತಿರುಗಿದರು.

“ಬಾಯಾರಿರಬಹುದು ಕಣೆ.”

“ಬೆರಳಿಳಿಸಿ ನೋಡು.”

ಅಪ್ಪ ಕೂತು ಬೆರಳಿಳಿಸಿದರು. ಬಹಳ ಹೊತ್ತು ತೆಗೆಯಲಿಲ್ಲ.

“ಒದ್ದೆ ಇದೆ,” ಎಂದರು ಬೇಸರದಿಂದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೈ ಕಟ್ಟಿಕೊಂಡು ಕೂತರು.