ಅಪ್ಪ ಬೆಸೆದ ಗೋಲು

ಆ ಪುಟ್ಟ ಕಾಲೇಜಿನಲ್ಲಿ ಅವನನ್ನು ಎಲ್ಲರೂ ಮೂಲೆರಾಯ ಎನ್ನುತ್ತಿದ್ದರು. ಚೆಂಡು ಕಾಲಿಗೆ ಸಿಕ್ಕರೆ ಸಾಕು, ಕಂಬ ಸವರಿಕೊಂಡು ಗೋಲಿನ ಮೂಲೆಗೇ ಹೋಗಿ ಬೀಳುತ್ತಿತ್ತು. ಸುತ್ತಲಿನ ಯಾವ ಕಾಲೇಜಿಗೂ ಮೈದಾನವಿರಲಿಲ್ಲ. ಎಲ್ಲರೂ ಇಲ್ಲಿಗೇ ಬಂದು ಸೋತು ಹೋಗುತ್ತಿದ್ದರು.

ದೊಡ್ಡ ಕ್ಲಬ್ಬಿನ ಆಯ್ಕೆಗೆ ಹೋದ ದಿನ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬೂಟಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಸರದಿ ಬಂದಾಗ ಎಂದಿನಂತೆ ಮೂಲೆಗೇ ಹೊಡೆದ. ಕೀಪರ್ ಆರಾಮಾಗಿ ಹಿಡಿದ. ಮತ್ತೆ ಹೊಡೆದ, ಮತ್ತೆ ಹಿಡಿದ.

"ಏನಪ್ಪಾ, ಅವನ ಕೈಗೇ ಕೊಡ್ತಿದೀಯಲ್ಲ," ಎಂದ ಕೋಚ್ ಮುಂದಿನವನನ್ನು ಕರೆದ.

ಎಲ್ಲ ಮುಗಿದ ಮೇಲೆ ಅವನು ಆ ಗೋಲಿನ ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ನೋಡಿದ. ತಮ್ಮ ಕಾಲೇಜಿನದಕ್ಕಿಂತ ಒಂದು ಮಾರು ಹೆಚ್ಚು ಅಗಲವಿತ್ತು. ಅವನ ಕಾಲಿಗೆ ರೂಢಿಯಾದ ಮೂಲೆ ಇಲ್ಲಿ ಕಂಬದಿಂದ ಅರ್ಧ ಮಾರು ಒಳಗೇ ಇತ್ತು. ಕಾಲೇಜಿನ ಗೋಲನ್ನು ಬೆಸೆದು ಕೊಟ್ಟವನು ವೆಲ್ಡಿಂಗ್ ಅಂಗಡಿಯ ಅವನ ಅಪ್ಪನೇ. ಅಂಗಡಿಯಲ್ಲಿ ಮಿಕ್ಕಿದ್ದ ಪೈಪ್ ಎಷ್ಟು ಉದ್ದವೋ ಗೋಲು ಅಷ್ಟೇ ಅಗಲ. ಆಗ ಅಳತೆ ಯಾರಿಗೆ ಬೇಕಿತ್ತು?

ಸಂಜೆ ಅಂಗಡಿಗೆ ಹೋದರೆ ಅಪ್ಪ ಕಪ್ಪು ಕನ್ನಡಕ ಹಣೆಗೇರಿಸಿ, ಆಯ್ಕೆಯ ಮಾತೇ ಎತ್ತದೆ, "ಅಲ್ಲಿನ ಗೋಲು ಹೆಂಗಿತ್ತೋ? ನಮ್ಮದರಷ್ಟು ಗಟ್ಟಿ ಇತ್ತಾ?" ಎಂದು ಕೇಳಿದ.

"ಇಲ್ಲ ಅಪ್ಪ, ನಿಂದೇ ಗಟ್ಟಿ. ಕೀಪರ್ ಮಾತ್ರ ಬಲು ಜೋರಿದ್ದ, ಅಷ್ಟೆ."

ಅಪ್ಪ ಮೀಸೆಯಡಿ ನಕ್ಕ. ಅವನು ಚೆಂಡು ಎತ್ತಿಕೊಂಡು ಮೈದಾನಕ್ಕೆ ನಡೆದ. ಕಂಬದಿಂದ ಅರ್ಧ ಮಾರು ಆಚೆಗೆ ತನ್ನ ಚಪ್ಪಲಿಯಿಟ್ಟು, ಅಪ್ಪನ ಗೋಲು ತಪ್ಪಿಸಿ ಹೊಡೆಯುವುದನ್ನು ಕಲಿಯತೊಡಗಿದ.